ಶುಕ್ರವಾರದ ಸರದಿ

“ಅಯ್ಯನವರೇ, ಸರಳವಾಗಿ ಬದುಕಬೇಕು ಎಂದು ನೀವು ಹೇಳಿದ್ದನ್ನು ನಾನೂ ನನ್ನ ಹೆಂಡತಿಯೂ ಒಪ್ಪಿದ್ದೇವೆ. ಇದ್ದುದರಲ್ಲಿ ನಮಗೆ ತೃಪ್ತಿಯಿದೆ. ಆದರೆ ಮನೆಗೆ ನಾಲ್ಕು ಜನ ಬಂದಾಗ ಏನು ಮಾಡುವುದು? ನಮ್ಮ ಸರಳತೆಯನ್ನು ಬಂದವರ ತಟ್ಟೆಗೂ ಬಡಿಸುವುದೇ?”

ಕೇಳಿದವನು ಕರುಣಾಕರ. ಚರ್ಚಿನಲ್ಲಿ ಹೊಸದಾಗಿ ಉಪದೇಶಿಯಾಗಿದ್ದ, ಅದಕ್ಕಿಂತ ಹೊಸದಾಗಿ ಮದುವೆಯಾಗಿದ್ದ. ಅವನ ಗುರುಗಳು ಹಿರಿಯ ಸಭಾಪಾಲಕರಾದ ದೇವಪ್ರಿಯ ಅಯ್ಯನವರು. ಊಟದ ವಿಷಯ ಬಂದರೆ ಅವರಿಗೆ ಉತ್ಸಾಹ ಸ್ವಲ್ಪ ಹೆಚ್ಚು. ನೇರವಾಗಿ ಉತ್ತರ ಕೊಡದೆ, ತಾವೇ ಕಣ್ಣಾರೆ ಕಂಡ ಒಂದು ಕತೆ ಹೇಳಿದರು.

ಒಂದು ಕೇರಿಯಲ್ಲಿ ಹನ್ನೆರಡು ಕ್ರೈಸ್ತ ಮನೆಗಳಿದ್ದವು. ಪ್ರತಿ ಶುಕ್ರವಾರ ಸಂಜೆ ಒಂದೊಂದು ಮನೆಯಲ್ಲಿ ಸರದಿಯಂತೆ ಪ್ರಾರ್ಥನಾ ಕೂಟ ನಡೆಯುತ್ತಿತ್ತು. ಒಂದು ಕೀರ್ತನೆ, ಒಂದು ಅಧ್ಯಾಯ, ಆ ಮನೆಯವರ ಕಷ್ಟಸುಖಕ್ಕಾಗಿ ಪ್ರಾರ್ಥನೆ, ಕೊನೆಗೆ ಒಂದು ಲೋಟ ಕಾಫಿ. ಅಷ್ಟೇ.

ಒಂದು ಶುಕ್ರವಾರ ಮರದ ವ್ಯಾಪಾರಿಯ ಮನೆಯಲ್ಲಿ ಕೂಟ. ಮಗಳಿಗೆ ಮದುವೆ ನಿಶ್ಚಯವಾದ ಸಂತೋಷಕ್ಕೆ ಅವನ ಹೆಂಡತಿ ಕಾಫಿಯ ಜೊತೆ ಗೋಳಿಬಜೆ ಕರಿದಳು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮುಂದಿನ ಮನೆಯವಳಿಗೆ ಬರಿ ಕಾಫಿ ಕೊಡಲು ಮನಸ್ಸು ಬರಲಿಲ್ಲ. ಅವಳು ಗೋಳಿಬಜೆಗೆ ಶೀರಾ ಸೇರಿಸಿದಳು. ಅದರ ಮುಂದಿನವಳು ನೀರುದೋಸೆ ಹೊಯ್ದಳು. ನೀರುದೋಸೆ ಬಂದ ಮೇಲೆ ಕೋಳಿ ಸಾರು ಬರದೆ ಇರುತ್ತದೆಯೇ? ಸರದಿ ಸುತ್ತು ಹೊಡೆದು ಮತ್ತೆ ವ್ಯಾಪಾರಿಯ ಮನೆಗೆ ಬಂದಾಗ ಅಲ್ಲಿ ಬಿರಿಯಾನಿ ಬೆಂದಿತ್ತು.

ಹೀಗಾಗಲಿ ಎಂದು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಎಲ್ಲರೂ ಮನೆಯೊಳಗೆ ಗೊಣಗಿದರು, ಹೊರಗೆ ಹೊಗಳಿದರು. ಅಡುಗೆಮನೆಯಿಂದ ಮಸಾಲೆಯ ಪರಿಮಳ ಬರುತ್ತಿದ್ದರೆ ಆರು ಚರಣದ ಕೀರ್ತನೆ ಎರಡೇ ಚರಣಕ್ಕೆ ಮುಗಿಯುತ್ತಿತ್ತು. ಆಮೆನ್ ಮಾತ್ರ ಮೊದಲಿಗಿಂತ ಗಟ್ಟಿಯಾಗಿ ಕೇಳುತ್ತಿತ್ತು.

ಎರಡನೆಯ ಸುತ್ತಿನಲ್ಲಿ, ಬೀಡಿ ಕಟ್ಟಿ ಬದುಕುತ್ತಿದ್ದ ಒಬ್ಬ ವಿಧವೆ ತನ್ನ ಸರದಿ ಬಂದಾಗ, ಗೋಡೆಗೆ ಸುಣ್ಣ ಬಳಿಯುವುದಿದೆ, ಈ ಸಲ ಬೇಡ ಎಂದಳು. ಇನ್ನೊಂದು ಮನೆಯಲ್ಲಿ ಅತ್ತೆಗೆ ಹುಷಾರಿರಲಿಲ್ಲ. ಮತ್ತೊಂದು ಮನೆಗೆ ನೆಂಟರು ಬಂದಿದ್ದರು. ಹನ್ನೆರಡು ಮನೆ ಏಳಾಯಿತು. ತಾವು ಕರೆಯಲಾರದವರಿಗೆ ಬೇರೆಯವರ ಮನೆಯಲ್ಲಿ ಉಣ್ಣಲು ನಾಚಿಕೆಯಾಯಿತು. ಅವರು ಕೂಟಕ್ಕೆ ಬರುವುದನ್ನೇ ಬಿಟ್ಟರು. ಆ ಸುಣ್ಣ ಇನ್ನೂ ಒಣಗಲಿಲ್ಲವೇ ಎಂದು ಒಬ್ಬರೂ ಹೋಗಿ ಕೇಳಲಿಲ್ಲ. ನನಗೆ ಈಗಲೂ ಸಿಟ್ಟು ಬರುವುದು ಅದಕ್ಕೇ.

ಸುತ್ತಿನ ಕೊನೆಯ ಮನೆ, ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸಗಾರನದು. ಹೋದ ಸಲ ಅವನ ಹೆಂಡತಿಯೂ ಹೇಗೋ ಕೋಳಿ ಸಾರು ಮಾಡಿದ್ದಳು. ಈಗ ಕಾಲ ಬೇರೆಯಾಗಿತ್ತು. ಅವನ ಒಂದು ಕಣ್ಣು ಹಿಂದೆಯೇ ಹೋಗಿತ್ತು. ಉಳಿದ ಒಂದಕ್ಕೆ ಪೊರೆ ಬಂದು, ಅಕ್ಷರ ಕಾಣದೆ ಎರಡು ತಿಂಗಳಿಂದ ಮನೆಯಲ್ಲಿ ಕೂತಿದ್ದ. ಸೋಮವಾರ ಆಪರೇಷನ್ ಎಂದು ಗೊತ್ತಾಗಿತ್ತು. ಅದಕ್ಕೆ ಮೊದಲು ಎಲ್ಲರೂ ತನ್ನ ಮನೆಗೆ ಬಂದು, ಗಂಡನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಬೇಕು ಎಂದು ಅವಳಿಗೆ ಬಹಳ ಆಸೆ. ಆದರೆ ಮನೆಯಲ್ಲಿ ಇದ್ದುದು ಕುಚ್ಚಲಕ್ಕಿ ಮತ್ತು ಹುರುಳಿ.

“ಮಗುವಿಗೆ ಜ್ವರ ಅಂತ ಹೇಳಿಬಿಡು ಮಾರಾಯ್ತಿ. ಎಲ್ಲರೂ ಏನಾದರೊಂದು ಹೇಳುವುದೇ ಅಲ್ಲವಾ?” ಎಂದ ಗಂಡ.

“ಸುಳ್ಳು ಹೇಳಿ ಕೂಟ ತಪ್ಪಿಸಿ, ಆಮೇಲೆ ಅದೇ ಬಾಯಲ್ಲಿ ನಿಮ್ಮ ಕಣ್ಣಿಗೆ ಪ್ರಾರ್ಥನೆ ಮಾಡುವುದು ಹೇಗೆ?” ಎಂದಳು ಅವಳು.

ಹಾಗೆಂದು ಅವಳೇನೂ ಗಟ್ಟಿಗಿತ್ತಿಯಲ್ಲ. ಶುಕ್ರವಾರ ದೊಡ್ಡ ಪಾತ್ರೆಯಲ್ಲಿ ಗಂಜಿಗೆ ಇಟ್ಟವಳು ಎರಡು ಸಲ ಒಲೆ ಆರಿಸಿ, ಜ್ವರವೆಂದೇ ಹೇಳಿಕಳಿಸೋಣ ಎಂದು ಬಾಗಿಲವರೆಗೆ ಬಂದಳು. ಎರಡು ಸಲವೂ ತಿರುಗಿ ಹೋಗಿ ಒಲೆ ಹಚ್ಚಿದಳು. ಹುರುಳಿ ಹುರಿದು ಚಟ್ನಿ ಅರೆದಳು.

ಸಂಜೆ ಜನ ಬಂದರು. ಒಳಗಿನಿಂದ ಯಾವ ಪರಿಮಳವೂ ಇಲ್ಲ, ಹಾಗಾಗಿ ಯಾರಿಗೂ ಅವಸರವೂ ಇಲ್ಲ. ಕೀರ್ತನೆಯ ಆರು ಚರಣವನ್ನೂ ಹಾಡಿದರು. ಒಬ್ಬೊಬ್ಬರಾಗಿ ಎದ್ದು ಬಂದು ಅವನ ತಲೆಯ ಮೇಲೆ ಕೈಯಿಟ್ಟರು. ಎರಡು ತಿಂಗಳು ಯಾರೊಡನೆಯೂ ತನ್ನ ಭಯವನ್ನು ಹೇಳಿಕೊಳ್ಳದ ಮನುಷ್ಯ ಅವತ್ತು ಎಲ್ಲರೆದುರು ಅತ್ತು ಹಗುರಾದ.

ಆಮೇಲೆ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

“ನಮಗೆ ಇವತ್ತು ಗಂಜಿ. ನಿಮಗೂ ಅದನ್ನೇ ಇಟ್ಟಿದ್ದೇನೆ” ಎಂದಳು.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ತಟ್ಟೆ ಚಾಚಿದವಳು ಮರದ ವ್ಯಾಪಾರಿಯ ಹೆಂಡತಿ. ಉಂಡಳು. ಇನ್ನೊಂದು ಸೌಟು ಹಾಕಿಸಿಕೊಂಡಳು. ಕೊನೆಗೆ ತಟ್ಟೆ ಕೆಳಗಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

“ಮುಂದಿನ ಶುಕ್ರವಾರ ನನ್ನದು. ಬಿರಿಯಾನಿಗಿಂತ ಮೇಲೆ ಇನ್ನೇನು ಮಾಡುವುದು ಅಂತ ಹದಿನೈದು ದಿನದಿಂದ ತಲೆಬಿಸಿ. ನಾನೂ ಗಂಜಿ ಇಡಬಹುದಾ?”

ಇಡೀ ಮನೆ ನಕ್ಕಿತು. ಎಲ್ಲರಿಗೂ ಎದೆಯ ಮೇಲಿನ ಭಾರ ಇಳಿದಂತಾಯಿತು. ಒಬ್ಬಳಂತೂ ತನ್ನ ಸರದಿಗೆ ಹೆದರಿ ತವರಿಗೆ ಹೋಗಲು ಚೀಲ ಕಟ್ಟಿಟ್ಟಿದ್ದಳಂತೆ. ಅದನ್ನು ಅವಳೇ ಹೇಳಿಕೊಂಡು ಎಲ್ಲರಿಗಿಂತ ಹೆಚ್ಚು ನಕ್ಕಳು. ಇರುವವರಿಗೂ ಇಲ್ಲದವರಿಗೂ ಒಂದೇ ಹೆದರಿಕೆಯಿತ್ತು ಎಂದು ಅವತ್ತು ಗೊತ್ತಾಯಿತು.

ಸುದ್ದಿ ಕೇರಿಯೆಲ್ಲ ಹರಡಿತು. ಬೀಡಿ ಕಟ್ಟುವ ವಿಧವೆ ತಾನಾಗಿ ಬಂದು, ನನ್ನ ಸರದಿಯನ್ನು ಯಾಕೆ ಬಿಟ್ಟಿರಿ ಎಂದು ಜಗಳ ಮಾಡಿದಳು. ಅಷ್ಟು ಸಂತೋಷದ ಜಗಳವನ್ನು ನಾನು ಬೇರೆ ಕಂಡಿಲ್ಲ. ಕ್ರಿಸ್ಮಸ್ ಬರುವಷ್ಟರಲ್ಲಿ ಹನ್ನೆರಡು ಮನೆಯ ಬಾಗಿಲೂ ತೆರೆದಿತ್ತು. ಕೆಲಸಗಾರನಿಗೆ ಕಣ್ಣು ಕಂಡಿತು. ದಪ್ಪ ಕನ್ನಡಕ ಹಾಕಿಕೊಂಡು ಮತ್ತೆ ಅಚ್ಚುಕೂಟಕ್ಕೆ ಹೋದ. ಡಾಕ್ಟರರ ಕೈಗುಣ ಎನ್ನುವವರು ಹಾಗೆನ್ನಲಿ. ನಾನು ಅದಕ್ಕೂ ದೇವರಿಗೇ ಸ್ತೋತ್ರ ಹೇಳುತ್ತೇನೆ.

ಇಲ್ಲಿಗೆ ಅಯ್ಯನವರು ಕತೆ ನಿಲ್ಲಿಸಿದರು. ಕರುಣಾಕರನಿಗೆ ಇನ್ನೂ ಒಂದು ಅನುಮಾನ ಉಳಿದಿತ್ತು.

“ಹಾಗಾದರೆ ಅಯ್ಯನವರೇ, ಇರುವವರೂ ಬಂದವರಿಗೆ ಗಂಜಿಯನ್ನೇ ಬಡಿಸಬೇಕೇ?”

“ಏನನ್ನಾದರೂ ಬಡಿಸು, ಉಂಡು ಹೋಗುವವನಿಗೆ ನಿನ್ನನ್ನು ತನ್ನ ಮನೆಗೆ ಕರೆಯುವ ಧೈರ್ಯ ಉಳಿದಿರಲಿ.”