ತಂಗೆವ್ವ ಕಟ್ಟಿದ ಚೀಲ

ಹೊಳೆಯ ದಂಡೆಯಲ್ಲಿ ಒಂದು ಬಡ ಮಠ. ಅಲ್ಲಿ ಅಡವಯ್ಯಜ್ಜ ಗುರುಗಳು, ಗೂಳಪ್ಪ ಶಿಷ್ಯ.

ಗೂಳಪ್ಪನ ಹೆಂಡತಿ ತಂಗೆವ್ವನಿಗೆ ಬೇಡಿ ತಂದ ಅಕ್ಕಿಯ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಗಂಡನ ಬೆನ್ನು ಹತ್ತಿ ಪೇಟೆಗೆ ಹೊರಡಿಸಿದಳು; ಇಬ್ಬರೂ ಅಣಬೆ ಬೆಳೆಯುವುದನ್ನು ಕಲಿತು ಬಂದರು. ದನವಿಲ್ಲದ ಹಳೆಯ ಕೊಟ್ಟಿಗೆಗೆ ಸುಣ್ಣ ಬಳಿದರು.

ಹುಲ್ಲು ಕುದಿಸಿ ಆರಿಸುವುದು ಗೂಳಪ್ಪನ ಕೆಲಸ. ಬೀಜ ಬೆರೆಸಿ ಚೀಲ ತುಂಬಿ ಬಾಯಿ ಕಟ್ಟುವುದು ಅವಳದು. ಕೊನೆಯ ಚೀಲದ ಹೊತ್ತಿಗೆ ಹುರಿ ತೀರಿತು. ಅವಳು ನಗುತ್ತಾ ಸೀರೆಯ ಅಂಚನ್ನೇ ಹರಿದು ಗಂಟು ಹಾಕಿದಳು.

ಆ ವಾರವೇ ಜ್ವರ ಬಂತು. ತಂಗೆವ್ವ ಹೋಗಿಬಿಟ್ಟಳು.

ಮಣ್ಣು ಕೊಡುವಾಗ ಎಲ್ಲರೂ ಒಂದೊಂದು ಹಿಡಿ ಹಾಕಿದರು. ಗೂಳಪ್ಪ ಮಣ್ಣಿಗೆ ಕೈ ಹಾಕಲಿಲ್ಲ. ಜನ ಕರೆದರು, ಗದರಿದರು. ಅವನು ಅಲ್ಲಿಂದ ಹೊರಟು ಬಂದು ಕೊಟ್ಟಿಗೆಯಲ್ಲಿ ಕೂತ. ಅಂದಿನಿಂದ ಅವನ ಜೀವವೆಲ್ಲ ಆ ಚೀಲಗಳಲ್ಲೇ ಇತ್ತು.

ಅಣಬೆಯ ಬೇರು ಹಬ್ಬಿ ಚೀಲಗಳು ಒಳಗೊಳಗೇ ಬೆಳ್ಳಗಾದವು. ಸೀರೆ ಅಂಚಿನ ಚೀಲಕ್ಕೆ ಮಾತ್ರ ಹಸಿರು ಬೂಷ್ಟು ಹತ್ತಿತು.

ಅಂಥ ಚೀಲವನ್ನು ಕೂಡಲೇ ದೂರ ಒಯ್ದು ಹೂಳಬೇಕು, ಇಲ್ಲದಿದ್ದರೆ ಇಡೀ ಕೋಣೆ ಕೆಡುತ್ತದೆ ಎಂದು ಪೇಟೆಯಲ್ಲಿ ಹೇಳಿಕೊಟ್ಟಿದ್ದರು. ಗೂಳಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅದನ್ನು ಮೂಲೆಗೆ ಸರಿಸಿ, ಮೇಲೊಂದು ಗೋಣಿ ಮುಚ್ಚಿದ.

ಕೆಲವು ದಿನಕ್ಕೆ ಪಕ್ಕದ ಚೀಲದ ಮೇಲೂ ಹಸಿರು ಚುಕ್ಕೆ ಕಂಡಿತು.

ಅಜ್ಜ ಒಳಗೆ ಬಂದರು. ಗೋಣಿ ಎತ್ತಿ ನೋಡಿದರು.

"ಇದನ್ಯಾಕ ಇಟಗೊಂಡೀಯೋ ತಮ್ಮಾ?"

"ಅಕಿ ಕಟ್ಟಿದ್ದ್ರೀ, ಅಜ್ಜಾರ."

"ಉಳಿದವನ್ನ ಯಾರು ಕಟ್ಟ್ಯಾರ?"

ಗೂಳಪ್ಪ ಸಾಲಾಗಿ ತೂಗುತ್ತಿದ್ದ ಚೀಲಗಳನ್ನು ನೋಡಿದ.

"ಅವನ್ನೂ ಅಕೀನ ಕಟ್ಟ್ಯಾಳ್ರೀ."

ಅಜ್ಜ ಸಲಿಕೆ ಹಿಡಿದು ಹೊಳೆಯ ಕಡೆ ನಡೆದರು. ಆ ವಯಸ್ಸಿನಲ್ಲಿ, ಏದುಸಿರು ಬಿಡುತ್ತಾ, ತಾವೇ ಕುಣಿ ತೋಡಿದರು.

ಗೂಳಪ್ಪ ಪಕ್ಕದ ಚೀಲವನ್ನೂ ತಂದು ಕುಣಿಗೆ ಇಳಿಸಿದ. ತಂಗೆವ್ವನ ಕೊನೆಯ ಚೀಲ ಮಾತ್ರ ಅವನ ಎದೆಯ ಮೇಲೇ ಉಳಿಯಿತು.

"ಗಂಟಷ್ಟರ ಬಿಚ್ಚಿಕೊಳ್ಳಲೇನ್ರೀ?"

ಅಜ್ಜ ಗಂಟನ್ನು ನೋಡಿದರು. ಹಸಿರು ಬೂಷ್ಟು ಸೀರೆಯ ಅಂಚಿನೊಳಗೂ ಇಳಿದಿತ್ತು.

"ಬಿಗಿಯಾಗಿ ಕಟ್ಟ್ಯಾಳ. ಇರಲಿ ಬಿಡು."

ಗೂಳಪ್ಪ ಮಂಡಿಯೂರಿ ಚೀಲವನ್ನು ಮೆಲ್ಲಗೆ ಇಳಿಸಿದ. ಸೀರೆಯ ಅಂಚು ಮೇಲೆ ಕಾಣುತ್ತಿತ್ತು. ಅವನ ಕೈ ಮಣ್ಣಿನ ಕಡೆ ಹೋಗಲಿಲ್ಲ. ಅವತ್ತು ಬಾರದ ಅಳು ಈಗ ಬಂತು, ಅವನು ಬಿಕ್ಕಿ ಬಿಕ್ಕಿ ಅತ್ತ. ಅಜ್ಜ ತಡೆಯಲಿಲ್ಲ.

ಅಳು ತಗ್ಗಿದ ಮೇಲೆ ಅವರು ಒಂದು ಹಿಡಿ ಮಣ್ಣು ತೆಗೆದು ಅವನ ಅಂಗೈಯಲ್ಲಿಟ್ಟರು. ಬೆರಳುಗಳನ್ನು ಒಂದೊಂದಾಗಿ ಮಡಚಿದರು.

"ಅವತ್ತ ನಾ ಎರಡು ಹಿಡಿ ಹಾಕಿದ್ದೆ, ತಮ್ಮಾ. ಒಂದು ನಂದು, ಒಂದು ನಿಂದು. ನಿಂದು ಈಗ ನೀನ ಹಾಕು."