ಗಣಿಯವರ ವಕೀಲ

ಶಿಷ್ಯನು ಕೇಳಿದ: “ಗುರುಗಳೇ, ಸಜ್ಜನನ ಕೈಗೆ ಅಧಿಕಾರ ಬಂದರೆ ನೊಂದವರಿಗೆ ನ್ಯಾಯ ಸಿಕ್ಕೇ ಸಿಗುತ್ತದಲ್ಲವೇ?”

ಗುರುಗಳು ಹೇಳಿದರು:

ಅಮೆರಿಕ ದೇಶದ ಒಂದು ಕಲ್ಲಿದ್ದಲು ಗಣಿಯ ಊರಿನಲ್ಲಿ ಒಬ್ಬ ವಕೀಲನಿದ್ದ. ಒಮ್ಮೆ ಗಣಿಯ ಚಾವಣಿ ಕುಸಿದು ಒಬ್ಬ ಕೆಲಸಗಾರ ಸತ್ತ. ಅವನ ಹೆಂಡತಿ ಗಣಿಯ ಮಾಲೀಕನ ಮೇಲೆ ದಾವೆ ಹೂಡಿದಳು. ವಕೀಲ ಶುಲ್ಕ ಮುಟ್ಟದೆ ಅವಳ ಪರ ನಿಂತ.

ನ್ಯಾಯಾಧೀಶ ಅವಳನ್ನು ಕೇಳಿದ: “ಚಾವಣಿ ಸಡಿಲವಾಗಿದೆಯೆಂದು ನಿನ್ನ ಗಂಡನಿಗೆ ಗೊತ್ತಿತ್ತೇ?”

“ಗೊತ್ತಿತ್ತು ಸ್ವಾಮಿ. ಇಳಿಯದಿದ್ದರೆ ಮಾರನೆಯ ದಿನ ಕೆಲಸ ಇರುತ್ತಿರಲಿಲ್ಲ.”

ಅಪಾಯ ತಿಳಿದೂ ಇಳಿದವನ ಸಾವಿಗೆ ಮಾಲೀಕ ಹೊಣೆಯಲ್ಲ ಎಂಬುದು ಆಗಿನ ಕಾನೂನು. ದಾವೆ ವಜಾ ಆಯಿತು. ತುಂಬಿದ ನ್ಯಾಯಾಲಯದಲ್ಲಿ ವಕೀಲ ಅತ್ತುಬಿಟ್ಟ. ಆ ಸೀಮೆಯಲ್ಲಿ ನ್ಯಾಯಾಧೀಶರನ್ನೂ ಜನರೇ ಆರಿಸುತ್ತಿದ್ದರು. ಮುಂದಿನ ಚುನಾವಣೆಗೆ ವಕೀಲನೇ ನಿಂತ; ಗಣಿಯ ಕೆಲಸಗಾರರೆಲ್ಲ ಅವನಿಗೇ ಮತ ಹಾಕಿದರು.

ಪೀಠದಲ್ಲಿ ಕುಳಿತವನ ಮುಂದೆ ಅಂಥವೇ ದಾವೆಗಳು ಬಂದವು. ಅವನು ಒಬ್ಬೊಬ್ಬ ವಿಧವೆಯ ಮಾತನ್ನೂ ತಾಳ್ಮೆಯಿಂದ ಕೇಳಿದ. ಈ ಕಾನೂನು ಕ್ರೂರವೆಂದು ತೀರ್ಪಿನಲ್ಲೇ ಬರೆದ. ಬರೆದು, ಅದೇ ಕಾನೂನಿನಂತೆ ದಾವೆಗಳನ್ನು ವಜಾ ಮಾಡಿದ. ಕಾನೂನು ಬದಲಿಸುವುದು ಶಾಸನಸಭೆಯ ಕೆಲಸ ಎಂದ. ಜನ ಅವನನ್ನು ಶಾಸನಸಭೆಗೆ ಕಳಿಸಿದರು.

ಅಲ್ಲಿ ಅವನು ತಾನೇ ಮಸೂದೆ ಬರೆದ. ಮಾಲೀಕರು ಬಂದು, ಇದು ಜಾರಿಯಾದರೆ ಗಣಿ ಮುಚ್ಚುತ್ತೇವೆ, ನಿನ್ನ ಊರು ಉಪವಾಸ ಬೀಳುತ್ತದೆ ಎಂದರು. ಅವನು ಅವರಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ಆದರೆ ಹೆದರಿದ. ಇನ್ನಷ್ಟು ಪರಿಶೀಲನೆ ನಡೆಯಲಿ ಎಂದು ಮಸೂದೆಯನ್ನು ಸಮಿತಿಗೆ ಒಪ್ಪಿಸಿದ. ಅದು ಅಲ್ಲೇ ಉಳಿಯಿತು. ಪ್ರತಿ ಚುನಾವಣೆಯಲ್ಲೂ ಈ ಸಲ ಆಗುತ್ತದೆ ಎಂದ. ಪ್ರತಿ ಸಲವೂ ಗೆದ್ದ.

ಕಡೆಗೆ ಗಣಿಯ ಹುಡುಗರು ಸಿಟ್ಟಿಗೆದ್ದರು. ಚಾವಣಿಗೆ ಆಸರೆ ಕೊಡುವವರೆಗೆ ಕೆಳಗಿಳಿಯುವುದಿಲ್ಲ ಎಂದು ಮುಷ್ಕರಕ್ಕೆ ಹೊರಟರು. ಹಿರಿಯರು ಅವರನ್ನು ತಡೆದರು. ನಮ್ಮವನು ಸಭೆಯಲ್ಲಿದ್ದಾನೆ, ಸ್ವಲ್ಪ ಕಾಯಿರಿ ಎಂದರು. ಹುಡುಗರು ಮತ್ತೆ ಇಳಿದರು. ಆ ಚಳಿಗಾಲ ಗಣಿ ಕುಸಿಯಿತು. ಸತ್ತವರಲ್ಲಿ ಮೊದಲು ದಾವೆ ಹೂಡಿದ್ದ ಆ ಹೆಂಗಸಿನ ಮಗನೂ ಇದ್ದ.

ಮುದುಕಿಯಾಗಿದ್ದ ಅವಳು ಶಾಸಕನ ಮನೆಗೆ ಹೋದಳು. ಅವನು ಎದ್ದು ಬಂದು, ಕೈಹಿಡಿದು ಕೂರಿಸಿದ.

“ಮುಷ್ಕರ ಬೇಡ, ಸಭೆಯಲ್ಲಿ ನಮ್ಮವರಿದ್ದಾರೆ ಎಂದು ಮಗನಿಗೆ ನಾನೇ ಹೇಳಿದ್ದೆ,” ಎಂದಳು. “ಈಗ ಯಾರ ಬಳಿ ಹೋಗಲಿ, ನೀವೇ ಹೇಳಿ.”



“ಯಾರಾದರೂ ಒಳ್ಳೆಯ ವಕೀಲರನ್ನು ನೋಡಮ್ಮ,” ಎಂದ.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. “ಆದರೂ ಅವನು ಕೆಟ್ಟವನಲ್ಲ, ಗುರುಗಳೇ.”

“ಅಲ್ಲ. ಕೆಟ್ಟವನಾಗಿದ್ದರೆ ಜನ ಅಷ್ಟು ವರ್ಷ ಕಾಯುತ್ತಿರಲಿಲ್ಲ.”