ಮೊಲಗಳ ಎಸಿ

ರಾಯಚೂರಿನ ಮೇ ತಿಂಗಳು. ಪ್ರಯೋಗಾಲಯದಲ್ಲಿ ಮೊಲಗಳ ಕೋಣೆಯ ಎಸಿಯನ್ನು ನಿರ್ದೇಶಕರು ತಮ್ಮ ಕೋಣೆಗೆ ಹಾಕಿಸಿಕೊಂಡು ಹದಿನೈದು ದಿನವಾಗಿತ್ತು. ಅಷ್ಟರಲ್ಲಿ ಮೂರು ಮೊಲ ಸತ್ತವು. ಮಣ್ಣು ಮಾಡಿದವನು ಅಟೆಂಡರ್ ಹುಸೇನಪ್ಪ.

ಪ್ರಾಣಿ ಕಲ್ಯಾಣ ಸಮಿತಿ ತಪಾಸಣೆಗೆ ಬರುವ ದಿನ ನಿರ್ದೇಶಕರು ಅವನ ಮುಂದೆ ರಿಜಿಸ್ಟರ್ ಇಟ್ಟರು.

"ಮೊಲಗಳು ಎಸಿ ಕೋಣೆಯಲ್ಲಿವೆ ಅಂತ ಬರೆದು ಸಹಿ ಹಾಕು. ಇಲ್ಲಾಂದ್ರೆ ನಾಳೆಯಿಂದ ಬರಬೇಡ."

"ಸುಳ್ಳು ಬರೀಲೇನ್ರಿ ಸರ?"

"ನಿಜ ಮಾಡೋದು ನಿನ್ನ ಕೆಲಸ," ಎಂದು ಹೇಳಿ ಅವರು ಸಮಿತಿಯನ್ನು ಕರೆತರಲು ಸ್ಟೇಷನ್ನಿಗೆ ಹೋದರು.

ಅವರು ಹೇಳಿದಷ್ಟನ್ನೂ ಹುಸೇನಪ್ಪ ಮಾಡಿ, ಆಮೇಲೆ ಸಹಿ ಹಾಕಿದ.

ಸಮಿತಿಯೊಂದಿಗೆ ಮರಳಿದ ನಿರ್ದೇಶಕರು ಅತಿಥಿಗಳಿಗೆ ಚಹಾ ಕೊಡಿಸಲು ತಮ್ಮ ಕೋಣೆಯ ಬಾಗಿಲು ತೆರೆದರು. ಗೋಡೆಯುದ್ದಕ್ಕೂ ಒಂಬತ್ತು ಪಂಜರಗಳು. ಮೇಜಿನ ಮೇಲೆ ಮೊಲಗಳ ಮೇವಿಗೆ ಕುದುರೆ ಮೆಂತೆಯ ಸೊಪ್ಪು.

"ಇದೇನಯ್ಯಾ ಇದು?"

"ಎಸಿ ಇರೋ ಕೋಣಿ ಇದೊಂದೇ ಐತ್ರಿ ಸರ. ನಿಜ ಮಾಡೀನಿ."

ಸಮಿತಿಯ ಹಿರಿಯ ವೈದ್ಯೆ ರಿಜಿಸ್ಟರ್ ಓದಿದರು, ಮೊಲಗಳನ್ನು ನೋಡಿದರು, ನಿರ್ದೇಶಕರತ್ತ ತಿರುಗಿದರು.

"ದಾಖಲೆ ಸರಿಯಾಗಿದೆ. ಆದರೆ ಪ್ರಾಣಿಗಳ ಕೋಣೆಯಲ್ಲಿ ನಿಮ್ಮ ಕುರ್ಚಿ ಯಾಕಿದೆ?"

ಸಂಜೆಯೊಳಗೆ ಎಸಿ ಮೊಲಗಳ ಕೋಣೆಗೆ ಮರಳಿತು. ನಿರ್ದೇಶಕರನ್ನು ಎಷ್ಟು ತಂಪಿನಲ್ಲಿ ಇಡಬೇಕೆಂಬ ನಿಯಮ ಮಾತ್ರ ಸರ್ಕಾರದಿಂದ ಇನ್ನೂ ಬಂದಿಲ್ಲ.